ಜಾತಿ ಕಾಲಂ ಇದೆ, ಕತೆ ಇಲ್ಲ

ನಮ್ಮಕ್ಕ ಅಂಕೋಲಾ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. 2025ರ ದಸರಾ ರಜೆಗೆ ನಾನು ಬೆಂಗಳೂರಿನಿಂದ ಊರಿಗೆ ಹೋದರೆ ಅವಳಿಗೆ ರಜೆಯೇ ಇಲ್ಲ! ಸೆಪ್ಟೆಂಬರ್ 22ಕ್ಕೆ ಶುರುವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ಶಿಕ್ಷಕರೆಲ್ಲ ಮನೆ ಮನೆ ಸುತ್ತುತ್ತಿದ್ದರಲ್ಲ, ಅವಳೂ ಸುತ್ತುತ್ತಿದ್ದಳು. ಮೊಬೈಲಿನಲ್ಲಿ ಆ್ಯಪ್, ಅದರಲ್ಲಿ 60 ಪ್ರಶ್ನೆ, ನೆಟ್‌ವರ್ಕ್ ಮಾತ್ರ ಗುಡ್ಡದ ಮೇಲೆ. ಒಂದು ದಿನ ನಾನೂ ಜೊತೆಗೆ ಹೋದೆ, ನೀರಿನ ಬಾಟಲಿ ಹಿಡಿದುಕೊಳ್ಳೋಕೆ.

ಹುಬ್ಬಳ್ಳಿ ರಸ್ತೆಯಲ್ಲಿ ಘಟ್ಟ ಹತ್ತುವ ಮೊದಲೇ ಒಳಗೆ ತಿರುಗಿದರೆ ಒಂದು ಸಿದ್ದಿ ಕುಟುಂಬದ ಮನೆ. ಬಾಗಿಲು ತೆರೆದ ಹುಡುಗ ಅಕ್ಕನ ಕ್ಲಾಸಿನವನೇ, ಏಳನೇ ತರಗತಿ. ಟೀಚರನ್ನು ನೋಡಿ ಹಲ್ಲು ಬಿಟ್ಟ. ಅವನ ಅಮ್ಮ ಮಣೆ ಹಾಕಿ ಕೂರಿಸಿದರು. ಹೆಸರು ಆಯಿತು, ವಯಸ್ಸು ಆಯಿತು, ಆಧಾರ್ ಆಯಿತು. ‘ಜಾತಿ?’ ಅಂತ ಅಕ್ಕ ಕೇಳಿದ್ದೇ ತಡ, ಹುಡುಗ ಬಾಗಿಲ ಹಿಂದೆ ಸರಿದ. ಅಮ್ಮ ಉತ್ತರ ಕೊಟ್ಟರು, ಅಕ್ಕ ಟೈಪ್ ಮಾಡಿದಳು, ಮುಂದಿನ ಪ್ರಶ್ನೆಗೆ ಹೋದಳು.

ಹೊರಡುವಾಗ ಅಂಗಳದವರೆಗೂ ಹಿಂದೆ ಬಂದ ಹುಡುಗ ಮೆಲ್ಲಗೆ ಕೇಳಿದ, ‘ಟೀಚರ್, ನಾವು ಆಫ್ರಿಕಾದವರಂತೆ, ಹೌದಾ? ಬಸ್ಸಲ್ಲಿ ಒಬ್ರು ಹೇಳಿದ್ರು.’

ಅಕ್ಕ ಒಂದು ಕ್ಷಣ ನಿಂತಳು. ‘ಅದು ಮುಂದೆ ಪಾಠದಲ್ಲಿ ಬರ್ತದೆ ಮಾರಾಯಾ’ ಅಂದಳು.

ಬೈಕ್ ಹತ್ತಿದ ಮೇಲೆ ನನಗೆ ಹೇಳಿದಳು, ‘ಸುಳ್ಳು ಹೇಳಿದೆ ಕಣೆ. ಯಾವ ಪಾಠದಲ್ಲೂ ಬರೂದಿಲ್ಲ. ಬಂದ್ರೂ ಒಂದು ಸಾಲು.’

ಆ ಮಾತು ನನ್ನ ಜೊತೆ ಬೆಂಗಳೂರಿನವರೆಗೂ ಬಂತು. ಯೋಚನೆ ಮಾಡಿ. ಇದೇ ಟೀಚರ್ ಕ್ಲಾಸಿನಲ್ಲಿ ಜಾತಿಯ ಮಾತೆತ್ತಲು ಹಿಂಜರಿಯುತ್ತಾಳೆ. ‘ಯಾಕೆ ಬೇಕು, ಯಾರಾದ್ರೂ ಕಂಪ್ಲೇಂಟ್ ಕೊಟ್ರೆ?’ ಅನ್ನೋ ಭಯ. ಆದರೆ ಹಾಜರಿ ಪುಸ್ತಕದಲ್ಲಿ, ಟಿ.ಸಿ.ಯಲ್ಲಿ, ಸ್ಕಾಲರ್‌ಶಿಪ್ ಅರ್ಜಿಯಲ್ಲಿ, ಈಗ ಆ್ಯಪ್‌ನಲ್ಲೂ ಅದೇ ಜಾತಿಯನ್ನು ಅವಳೇ ಬರೆಯಬೇಕು. ನಮ್ಮ ಶಾಲೆಗೆ ಮಗುವಿನ ಜಾತಿ ಗೊತ್ತು, ಕತೆ ಗೊತ್ತಿಲ್ಲ.

ನಾನು ಓದುವಾಗಲೂ ಹೀಗೇ ಇತ್ತು. ‘ಇಲ್ಲಿ ಜಾತಿ ಗೀತಿ ಏನಿಲ್ಲ, ಎಲ್ಲರೂ ಒಂದೇ’ ಅಂತ ಮಾಸ್ತರು ಹೇಳುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ಆದರೆ ವರ್ಷಕ್ಕೊಂದು ದಿನ ಸ್ಕಾಲರ್‌ಶಿಪ್ ಪಟ್ಟಿ ಬರುತ್ತಿತ್ತು. ‘ಎಸ್ಸಿ, ಎಸ್ಟಿ, ಕೆಟಗರಿ ಒನ್ ಮಕ್ಕಳು ಎದ್ದು ನಿಲ್ಲಿ.’ ಅವರು ಎದ್ದು ನಿಲ್ಲುತ್ತಿದ್ದರು. ನಾವು ಕೆಲವರು ಕೂತೇ ಇರುತ್ತಿದ್ದೆವು. ಯಾರು ಯಾಕೆ ನಿಂತರು, ಯಾರು ಯಾಕೆ ಕೂತರು ಅಂತ ಯಾರೂ ವಿವರಿಸಲಿಲ್ಲ. ‘ಅವರಿಗೆ ಸರ್ಕಾರ ಸುಮ್ನೆ ದುಡ್ಡು ಕೊಡ್ತದೆ’ ಅನ್ನೋ ವಿವರಣೆಯನ್ನು ನಾವೇ ಮಾಡಿಕೊಂಡೆವು. ಹೇಳಿಕೊಡದೆ ಬಿಟ್ಟ ಪಾಠವನ್ನು ಮಕ್ಕಳು ಬಸ್‌ಸ್ಟ್ಯಾಂಡಿನಲ್ಲಿ ಕಲಿತುಬಿಡುತ್ತಾರೆ. ನಾನೂ ಹಾಗೇ ಕಲಿತೆ.

ನನ್ನ ಬೆಂಚಿನಲ್ಲಿ ಒಬ್ಬ ಹಾಲಕ್ಕಿ ಹುಡುಗಿ ಇದ್ದಳು. ಒಂದು ಮಧ್ಯಾಹ್ನ ಮಳೆ ಜೋರಾಗಿ ಬಂತೂಂತ ಅವಳ ಅಜ್ಜಿ ಕೊಡೆ ಹಿಡಿದುಕೊಂಡು ಗೇಟಿನ ಹತ್ತಿರ ಬಂದರು. ಕುತ್ತಿಗೆ ತುಂಬ ಮಣಿಸರ, ರವಿಕೆಯಿಲ್ಲದೆ ಉಟ್ಟ ಸೀರೆ, ಬರಿಗಾಲು. ಕಿಟಕಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಯಾರೋ ಅಂತ ಯಾಕೆ ಬರೆಯಲಿ, ನಾನೂ ನಕ್ಕೆ. ಗೆಳತಿ ಅಜ್ಜಿಯ ಹತ್ತಿರ ಹೋಗಿ ಏನೋ ಹೇಳಿದಳು. ಆಮೇಲೆ ಆ ಅಜ್ಜಿ ಶಾಲೆಯ ಹತ್ತಿರ ಬಂದಿದ್ದನ್ನು ನಾನು ನೋಡಲಿಲ್ಲ.

2021ರ ನವೆಂಬರಿನಲ್ಲಿ ಅದೇ ಉಡುಗೆಯಲ್ಲಿ, ಅದೇ ಬರಿಗಾಲಿನಲ್ಲಿ ನಮ್ಮ ಹೊನ್ನಳ್ಳಿಯ ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಂಡರು. ಶಾಲೆಯ ಮುಖ ನೋಡದೆ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ಗಿಡ ಬೆಳೆಸುತ್ತ ಬದುಕಿದವರು. ಅವರಿಗಿಂತ ಮೊದಲು, 2017ರಲ್ಲಿ, ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ ಪದ್ಮಶ್ರೀ ಬಂದಿತ್ತು. ಸಾವಿರಾರು ಹಾಡು ನೆನಪಿನಲ್ಲಿಟ್ಟುಕೊಂಡವರು, ಊರಿನ ಸಾರಾಯಿ ವಿರುದ್ಧ ಹೆಂಗಸರನ್ನು ಒಟ್ಟುಗೂಡಿಸಿದವರು. 2024ರ ಡಿಸೆಂಬರಿನಲ್ಲಿ ತುಳಸಿ ಗೌಡರು, ಮರುವರ್ಷ ಫೆಬ್ರುವರಿಯಲ್ಲಿ ಸುಕ್ರಜ್ಜಿ ಹೋದರು. ಎರಡೂ ಸಲ ಸ್ಟೇಟಸ್ ಹಾಕಿದೆ. ಹಾಕುವಾಗ ಆ ಮಳೆಯ ಮಧ್ಯಾಹ್ನ ನೆನಪಾಗದೆ ಇರಲಿಲ್ಲ. ದಿಲ್ಲಿ ಮೆಚ್ಚಿದ ಮೇಲೆ ಹೆಮ್ಮೆಪಡೋದು ಸುಲಭ. ಗೇಟಿನ ಹತ್ತಿರ ನಿಂತಿದ್ದಾಗ ಆ ಅಜ್ಜಿ ಯಾರು ಅಂತ ನಮಗೆ ಒಬ್ಬರಾದರೂ ಹೇಳಿದ್ದರೆ?

ಹೈಸ್ಕೂಲಿಗೆ ಕಾರವಾರಕ್ಕೆ ಬಂದಾಗ ನನ್ನ ಸರದಿ ಬಂತು. ನನ್ನ ಅಂಕೋಲೆ ಕನ್ನಡ ಕೇಳಿ ನಗು. ನನ್ನ ಹೊಸ ಗೆಳತಿಯ ಪಾಡು ಬೇರೆ. ಮನೆಯಲ್ಲಿ ಕೊಂಕಣಿ, ಕ್ಲಾಸಿನಲ್ಲಿ ಕೊಂಕಣಿ ಬಾಯಿಗೆ ಬಂದರೆ ಒಂದು ರೂಪಾಯಿ ಫೈನ್. ‘ಬೈಸ್ಕೊಳ್ಳೋದು ಕೊಂಕಣಿಯಲ್ಲಿ, ಅಳೋದು ಮಾತ್ರ ಕನ್ನಡದಲ್ಲಿ ಅಳಬೇಕು’ ಅನ್ನುತ್ತಿದ್ದಳು. 1992ರಲ್ಲೇ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿದ ಭಾಷೆ ಅದು! ಆಮೇಲೆ ರಾಜ್ಯದ ಶಾಲೆಗಳಲ್ಲಿ ಮೂರನೇ ಭಾಷೆಯಾಗಿ ಕಲಿಯುವ ಅವಕಾಶವೂ ಬಂತು. ಅಲ್ಲಿಯವರೆಗೆ ಎಷ್ಟು ಮಕ್ಕಳ ರೂಪಾಯಿ ಹೋಯಿತೋ ಲೆಕ್ಕ ಇಟ್ಟವರಿಲ್ಲ.

ನೀವು ಕೇಳಬಹುದು, ಪಠ್ಯಪುಸ್ತಕದ ಬಗ್ಗೆ ನಮ್ಮ ರಾಜ್ಯದಲ್ಲಿ ಜಗಳ ಕಡಿಮೆ ಆಗಿದೆಯಾ ಅಂತ. ಇಲ್ಲ. 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿಯ ಪರಿಷ್ಕರಣೆಗೆ ಎದ್ದ ಗಲಾಟೆ ನೆನಪಿರಬಹುದು. ದೇವನೂರ ಮಹಾದೇವ ಅವರು ತಮ್ಮ ಪಾಠಕ್ಕೆ ಕೊಟ್ಟ ಒಪ್ಪಿಗೆಯನ್ನೇ ವಾಪಸ್ ಪಡೆದರು. 2023ರ ಜೂನ್‌ನಲ್ಲಿ ಹೊಸ ಸರ್ಕಾರ ಬಂದು ಹೆಡಗೇವಾರ್, ಸಾವರ್ಕರ್ ಪಾಠ ತೆಗೆದು ಸಾವಿತ್ರಿಬಾಯಿ ಫುಲೆ ಪಾಠವನ್ನು ಮರಳಿ ತಂದಿತು. ಈ ಜಗಳ ಮುಖ್ಯವಲ್ಲ ಅಂತ ನಾನು ಹೇಳಲಾರೆ. ಫುಲೆ ಇರುವ ಪುಸ್ತಕವೇ ನನ್ನ ಆಯ್ಕೆ. ಆದರೆ ಎರಡೂ ಪುಸ್ತಕದ ಎದುರು ಆ ಸಿದ್ದಿ ಹುಡುಗನನ್ನು ಕೂರಿಸಿ ನೋಡಿ. ಅವನ ಪ್ರಶ್ನೆ ಹಾಗೇ ಉಳಿಯುತ್ತದೆ.

ಅದಕ್ಕೆ ಉತ್ತರ ಇಲ್ಲದೆ ಏನಿಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಬಂದ, ಕಾಳುಮೆಣಸಿಗಾಗಿ ಬಂದ, 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಇಷ್ಟನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆ ವ್ಯಾಪಾರದ ದಾರಿಯಲ್ಲೇ ಪೂರ್ವ ಆಫ್ರಿಕಾದಿಂದ ಹಿಡಿದು ತಂದ ಮನುಷ್ಯರೂ ಗೋವೆಯಲ್ಲಿ ಗುಲಾಮರಾಗಿ ಇಳಿದರು. ಅವರಲ್ಲಿ ಎಷ್ಟೋ ಜನ ಒಡೆಯರಿಂದ ತಪ್ಪಿಸಿಕೊಂಡು ನಮ್ಮ ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ, ಅಂಕೋಲೆಯ ಸಿದ್ದಿಗಳಲ್ಲಿ ಬಹುಪಾಲು ಅವರ ವಂಶದವರು. 2011ರಲ್ಲಿ ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಪ್ರಕಟಿಸಿದ ಡಿಎನ್ಎ ಅಧ್ಯಯನವೂ ಅವರ ಬೇರು ಪೂರ್ವ ಆಫ್ರಿಕಾದ ಬಾಂಟು ಜನರಲ್ಲಿದೆ ಎಂದಿದೆ. ಅವರಲ್ಲಿ ಹಿಂದೂ, ಕ್ರಿಶ್ಚಿಯನ್, ಮುಸ್ಲಿಂ ಮೂವರೂ ಇದ್ದಾರೆ. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಹೊರಗೆ ನಮ್ಮದೇ ಕನ್ನಡ. ದಖ್ಖನ್ನಿನಲ್ಲಿ ಇನ್ನೊಂದು ಕತೆ ಇದೆ. ಇಥಿಯೋಪಿಯಾದಿಂದ ಗುಲಾಮನಾಗಿ ಬಂದ ಮಲಿಕ್ ಅಂಬರ್ ಅಹ್ಮದ್‌ನಗರ ರಾಜ್ಯದ ಆಡಳಿತವನ್ನೇ ನಡೆಸಿ, ಮೊಘಲರಿಗೆ ನಿದ್ದೆಗೆಡಿಸಿದ.

ಅಂದರೆ ಕಾಳುಮೆಣಸು ಸಿಲೆಬಸ್ಸಿನಲ್ಲಿದೆ, ಅದೇ ದಾರಿಯಲ್ಲಿ ಬಂದ ಮನುಷ್ಯರು ಇಲ್ಲ. ಅಮೆರಿಕದ ಗುಲಾಮಗಿರಿ ಗೊತ್ತು, ಲಿಂಕನ್ ಗೊತ್ತು. ಕಾರವಾರದಿಂದ ಗೋವಾ ಗಡಿ ಎಷ್ಟು ದೂರ? ಕಾಳಿ ಸೇತುವೆ ದಾಟಿ ಸ್ವಲ್ಪ ಹೊತ್ತು ಹೋದರೆ ಪೋಳೆಂ ಚೆಕ್‌ಪೋಸ್ಟ್. ಅಷ್ಟು ಹತ್ತಿರದ ಚರಿತ್ರೆ ನಮಗೆ ಗೊತ್ತಿಲ್ಲ.

ಸಿದ್ದಿಗಳನ್ನು ಸರ್ಕಾರ ನೆನಪಿಸಿಕೊಂಡಾಗಲೂ ಅರ್ಧ ಮಾತ್ರ ನೆನಪಿಸಿಕೊಂಡಿತು. 1987ರಲ್ಲಿ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆ ತಂದು, ಆಫ್ರಿಕನ್ ಮೂಲದವರು ಚೆನ್ನಾಗಿ ಓಡ್ತಾರೆ ಅನ್ನುವ ಲೆಕ್ಕದಲ್ಲಿ ಸಿದ್ದಿ ಮಕ್ಕಳನ್ನು ತರಬೇತಿಗೆ ಕರೆದೊಯ್ದಿತು. ಕೆಲವರು ಪದಕ ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಪರಿಶಿಷ್ಟ ಪಂಗಡದ ಪಟ್ಟಿಗೆ ಉತ್ತರ ಕನ್ನಡದ ಸಿದ್ದಿಗಳು ಸೇರಿದ್ದು 2003ರಲ್ಲಿ. ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡಿದ್ದು 2020ರಲ್ಲಿ. ಹಾಲಕ್ಕಿಗಳಂತೂ ಆ ಪಟ್ಟಿಗಾಗಿ ದಶಕಗಳಿಂದ ಕೇಳುತ್ತಲೇ ಇದ್ದಾರೆ.

ಶಾಲೆಗಳೂ ಇದೇ ತಪ್ಪು ಮಾಡುತ್ತವೆ. ವರ್ಷವಿಡೀ ಮೌನ, ವಾರ್ಷಿಕೋತ್ಸವದ ದಿನ ಮಾತ್ರ ‘ಬುಡಕಟ್ಟು ನೃತ್ಯ’. ಸಿದ್ದಿ ಹುಡುಗ ಡಮಾಮಿ ಬಾರಿಸಬೇಕು, ಹಾಲಕ್ಕಿ ಹುಡುಗಿ ಅಜ್ಜಿಯ ಮಣಿಸರ ತರಬೇಕು, ಅದನ್ನು ಹಾಕಿಕೊಂಡು ಬೇರೆಯವರ ಮಕ್ಕಳು ಕುಣಿಯಬೇಕು. ಫೋಟೊ ಚೆಂದ ಬರುತ್ತದೆ. ಮರುದಿನ ಬೆಂಚು ಅದೇ, ಅಡ್ಡಹೆಸರು ಅದೇ.

ಟೆಕ್ಸಾಸ್‌ನಲ್ಲಿರುವ ನನ್ನ ಕಸಿನ್‌ಗೆ ಇದನ್ನೆಲ್ಲ ಹೇಳಿದೆ. ಅವಳ ಊರಿನಲ್ಲಿ ಶಾಲಾ ಮಂಡಳಿಯ ಸಭೆಗಳಲ್ಲಿ ಪಾಲಕರು ಇದಕ್ಕೇ ಕೂಗಾಡುತ್ತಾರಂತೆ. ಜನಾಂಗದ ವಿಷಯವನ್ನು ಹೇಗೆ ಕಲಿಸಬೇಕು, ಕಲಿಸಬಾರದು ಅಂತ ಅಲ್ಲಿ 2021ರಲ್ಲಿ ಕಾನೂನೇ ಬಂತು. ತನ್ನ ಜನಾಂಗದ ಕಾರಣಕ್ಕೆ ಯಾವ ಮಗುವಿಗೂ ಮುಜುಗರ, ತಪ್ಪಿತಸ್ಥ ಭಾವ ಆಗಬೇಕೆಂದು ಕಲಿಸಬಾರದು ಅನ್ನೋ ಮಾತು ಅದರಲ್ಲಿತ್ತು. ‘ಒಂಥರಾ ಸರಿ ಅನ್ಸುತ್ತಲ್ವಾ?’ ಅಂತ ಕೇಳಿದಳು.

ನನಗೆ ಪೂರ್ತಿ ಸರಿ ಅನ್ನಿಸಲಿಲ್ಲ. ಅಪ್ಪ ಅಜ್ಜ ಮಾಡಿದ್ದಕ್ಕೆ ಮಗುವನ್ನು ಕಟಕಟೆಯಲ್ಲಿ ನಿಲ್ಲಿಸಬಾರದು, ಒಪ್ಪೋಣ. ಆದರೆ ಮುಜುಗರ ಆಗಲೇ ಇದೆಯಲ್ಲ? ಸ್ಕಾಲರ್‌ಶಿಪ್‌ಗೆ ಎದ್ದು ನಿಂತವರಿಗೆ ಆಗ್ತಿತ್ತು, ಅಜ್ಜಿಯನ್ನು ಗೇಟಿನಿಂದ ವಾಪಸ್ ಕಳಿಸಿದವಳಿಗೆ ಆಗಿತ್ತು. ನಾವು ‘ಶಾಂತಿ’ ಅಂತ ಕರೆಯೋದು ಅವರೊಬ್ಬರೇ ಹೊತ್ತ ಮುಜುಗರವನ್ನು. ಸತ್ಯ ಹೇಳಿದರೆ ಅದರಲ್ಲಿ ಸ್ವಲ್ಪ ನನ್ನ ಪಾಲಿಗೂ ಬರುತ್ತಿತ್ತು. ಬರಬೇಕಿತ್ತು.

ಹಾಗಾದರೆ ಏನು ಮಾಡಬಹುದು? ದೊಡ್ಡ ಸಮಿತಿ ಬೇಕಿಲ್ಲ. ನಮ್ಮ ಜಿಲ್ಲೆಯಲ್ಲಿ ಕಾರವಾರ, ಶಿರಸಿ ಅಂತ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಶಿಕ್ಷಕರ ತರಬೇತಿಗೆ ಕುಮಟಾದಲ್ಲಿ ಡಯಟ್ ಇದೆ. ಮಗು ಶಾಲೆಯ ಹೊರಗೆ ಬದುಕುವ ಬದುಕಿಗೆ ಪಾಠವನ್ನು ಜೋಡಿಸಿ ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿದೆ. ಹಾಲಕ್ಕಿ, ಸಿದ್ದಿ, ಮೀನುಗಾರರು, ಕೊಂಕಣಿಯವರು, ಸೀಬರ್ಡ್ ನೌಕಾನೆಲೆಗೆ ಮನೆ ಬಿಟ್ಟುಕೊಟ್ಟವರು, ಇವರೆಲ್ಲ ಇಲ್ಲಿಗೆ ಹೇಗೆ ಬಂದರು, ಏನು ಕಳೆದುಕೊಂಡರು, ಏನು ಕೊಟ್ಟರು ಅಂತ ಇಪ್ಪತ್ತು ಪುಟದ ಒಂದು ಪುಸ್ತಿಕೆ ಮಾಡಿ ಎಲ್ಲ ಶಾಲೆಗೂ ಕೊಟ್ಟರೆ ಸಾಕು. ಬರೆಯುವಾಗ ಆಯಾ ಸಮುದಾಯದವರು ಕೂತಿರಬೇಕು. ಕಲಿಸುವಾಗ ಆ ಸಮುದಾಯದ ಮಗುವನ್ನು ಎದ್ದು ನಿಲ್ಲಿಸಬಾರದು. ಸ್ಕಾಲರ್‌ಶಿಪ್ ಪಟ್ಟಿಯನ್ನು ಕ್ಲಾಸಿನಲ್ಲಿ ಕೂಗುವುದನ್ನಂತೂ ನಾಳೆಯೇ ನಿಲ್ಲಿಸಬಹುದು. ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

‘ಅದೆಲ್ಲ ಮಕ್ಕಳ ತಲೆ ಕೆಡಿಸೋದು, ಈಗಿನ ಕಾಲದಲ್ಲಿ ಜಾತಿ ಎಲ್ಲಿದೆ’ ಅನ್ನೋ ಗೆಳೆಯರು ನನಗೂ ಇದ್ದಾರೆ. ಅವರಿಗೊಂದು ಪ್ರಶ್ನೆ: ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದಾಗ ಓನರ್ ‘ನಿಮ್ಮ ಸರ್‌ನೇಮ್ ಏನು, ವೆಜ್ಜಾ?’ ಅಂತ ಕೇಳಿದ್ದು ಯಾಕೆ ಅಂತ ನಿಮಗೆ ನಿಜವಾಗಿಯೂ ಅರ್ಥ ಆಗಿರಲಿಲ್ವಾ?

ರಜೆ ಮುಗಿದ ಮೇಲೆ ಅಕ್ಕ ಫೋನ್ ಮಾಡಿದ್ದಳು. ಸಮಾಜ ವಿಜ್ಞಾನದ ಪೀರಿಯಡ್‌ನಲ್ಲಿ ಪೋರ್ಚುಗೀಸರ ಪಾಠದ ನೆವ ಮಾಡಿಕೊಂಡು ಹಡಗಿನ ಕತೆ ಪೂರ್ತಿ ಹೇಳಿದಳಂತೆ. ಯಾರ ಹೆಸರೂ ತೆಗೆಯಲಿಲ್ಲ, ಯಾರ ಕಡೆಯೂ ನೋಡಲಿಲ್ಲ. ಆಫ್ರಿಕಾದಿಂದ ಗೋವಾ, ಗೋವಾದಿಂದ ಕಾಡು, ಬೋರ್ಡಿನ ಮೇಲೆ ಒಂದು ಗೆರೆ ಎಳೆದಳು. ಕ್ಲಾಸ್ ಗಪ್‌ಚಿಪ್. ಹುಡುಗ ಏನೂ ಹೇಳಲಿಲ್ಲ. ಬೆಲ್ ಹೊಡೆದ ಮೇಲೆ ಅವನ ಪಕ್ಕದಲ್ಲಿ ಕೂರುವ ಹುಡುಗ ಕೈ ಎತ್ತಿದನಂತೆ.

‘ಟೀಚರ್, ಅವರು ತಪ್ಪಿಸ್ಕೊಂಡು ಬಂದ್ರಲ್ಲ, ಕಾಡಲ್ಲಿ ಮೊದಲನೇ ದಿನ ಏನು ತಿಂದ್ರು?’

ಅಕ್ಕನಿಗೆ ಉತ್ತರ ಗೊತ್ತಿರಲಿಲ್ಲ. ಈ ಸಲ ‘ಮುಂದೆ ಪಾಠದಲ್ಲಿ ಬರ್ತದೆ’ ಅನ್ನಲಿಲ್ಲ. ‘ಗೊತ್ತಿಲ್ಲಪ್ಪ, ನಾಳೆ ಎಲ್ಲರೂ ಮನೆಯಲ್ಲಿ ಅಜ್ಜಿ, ಅಜ್ಜನ ಹತ್ರ ಕೇಳ್ಕೊಂಡು ಬನ್ನಿ’ ಅಂದಳಂತೆ.

ಮರುದಿನ ಕೈ ಎತ್ತಿದ್ದು ಬಾಗಿಲ ಹಿಂದೆ ನಿಂತಿದ್ದ ಹುಡುಗ.