ಉತ್ತರ ಕಳಿಸಿ ಅನ್ನುವ ಮೊದಲು

ಮಧ್ಯವಾರ್ಷಿಕ ಪರೀಕ್ಷೆಯ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಕ್ಲಾಸಿನ ವಾಟ್ಸಾಪ್ ಗುಂಪಿಗೆ ನಾನೊಂದು ಲೆಕ್ಕದ ಫೋಟೋ ಹಾಕಿದೆ. ಕೆಳಗೆ ಬರೆದದ್ದು ಎರಡೇ ಪದ: 'ಆನ್ಸರ್ ಕಳ್ಸಿ'. ಹತ್ತು ನಿಮಿಷದೊಳಗೆ ಮೂರು ಉತ್ತರ ಬಂದವು. ಅಕ್ಷರ ಚೆನ್ನಾಗಿದ್ದ ಒಂದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ನಿಶ್ಚಿಂತೆಯಿಂದ ಮಲಗಿದೆ. ಬೆಳಿಗ್ಗೆ ಅದೇ ಜಾತಿಯ ಲೆಕ್ಕ ಬಂತು, ಸಂಖ್ಯೆ ಮಾತ್ರ ಬೇರೆ. ನನಗೆ ಸಿಕ್ಕಿದ್ದು ಸೊನ್ನೆ.

ಲೆಕ್ಕವನ್ನು ನೀವೂ ನೋಡಿದ್ದೀರಿ, ಸಂಭವನೀಯತೆಯ ಅಧ್ಯಾಯದಲ್ಲಿದೆ. ಒಂದು ಸಮಸ್ಯೆಯನ್ನು ಒಬ್ಬ ಬಿಡಿಸುವ ಸಂಭವನೀಯತೆ 1/2, ಇನ್ನೊಬ್ಬನದು 1/3. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಪ್ರಯತ್ನಿಸುತ್ತಾರೆ. ಸಮಸ್ಯೆ ಬಿಡಿಸಿಹೋಗುವ ಸಂಭವನೀಯತೆ ಎಷ್ಟು? 'ಬೋತ್' ಎಂಬ ಪದ ಕಂಡ ಕೂಡಲೇ ನಾನು ಎರಡನ್ನೂ ಗುಣಿಸಿ 1/6 ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೆ.

ವಾರದ ನಂತರ ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಸಂಜೆ ಬಸ್ಸಿನಲ್ಲಿ ಪಕ್ಕ ಕೂತಿದ್ದ ಗೆಳೆಯನಿಗೆ ಉತ್ತರಪತ್ರಿಕೆ ತೋರಿಸಿದೆ. ಅವನು ಸರಿ ಉತ್ತರ ಹೇಳಲಿಲ್ಲ. 'ಒಬ್ಬವ ಕುಂತ್ರ ಅರ್ಧ ಛಾನ್ಸ್ ಐತಿ. ಇಬ್ರು ಕುಂತ್ರ ಆರನೇ ಒಂದು ಭಾಗಕ್ಕ ಇಳೀತಾ? ಎರಡನೇದವ ಬಂದು ಕೆಡಿಸಿದನೇನು?' ಅಂದ. ನನಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು. ಅವನು ಕನ್ನಡ ಮಾಧ್ಯಮದ ಹುಡುಗ, ಆದರೆ ನಮ್ಮೂರಿನ ಎಲ್ಲರಂತೆ ದಖನಿ ಬಲ್ಲವನು. 'ದೋನೋ ಮೇ ಸೇ ಏಕ್ ಕರ್ ದಿಯಾ ತೋ ಬಸ್' ಎಂದ. ಇಬ್ಬರಲ್ಲಿ ಯಾರಾದರೂ ಒಬ್ಬ ಮಾಡಿದರೆ ಸಾಕು. ಹಾಗಾದರೆ ಇಬ್ಬರೂ ಮಾಡದೇ ಇರುವುದನ್ನು ತೆಗೆದುಬಿಡಬೇಕು: 1/2 ಗುಣಿಸು 2/3, ಅಂದರೆ 1/3. ಒಂದರಲ್ಲಿ ಅದನ್ನು ಕಳೆದರೆ 2/3. ಬಸ್ಸು ರಾಜೇಶ್ವರ ತಲುಪುವಷ್ಟರಲ್ಲಿ ಲೆಕ್ಕ ಮುಗಿದಿತ್ತು.

ನನಗೆ ಗುಣಾಕಾರ ಗೊತ್ತಿತ್ತು, ಸೂತ್ರವೂ ಬಾಯಿಪಾಠವಾಗಿತ್ತು. ಗೊತ್ತಿಲ್ಲದ್ದು ಆ ಇಂಗ್ಲಿಷ್ ವಾಕ್ಯ ಏನು ಕೇಳುತ್ತಿದೆ ಎಂಬುದು. ಹತ್ತನೇ ತರಗತಿವರೆಗೆ ಉರ್ದುವಿನಲ್ಲೋ ಕನ್ನಡದಲ್ಲೋ ಮರಾಠಿಯಲ್ಲೋ ಲೆಕ್ಕ ಮಾಡಿ, ಒಂದೇ ಬೇಸಿಗೆ ರಜೆಯಲ್ಲಿ ಇಂಗ್ಲಿಷ್‌ಗೆ ಹಾರಿದವರು ನಮ್ಮಲ್ಲಿ ಎಷ್ಟು ಮಂದಿ ಇದ್ದೇವೆ! 'ಅಟ್ ಲೀಸ್ಟ್' ಎಂದು ಓದಿ, ಲೀಸ್ಟ್ ಅಂದರೆ ಕಡಿಮೆ ತಾನೇ ಎಂದುಕೊಂಡು ಉಲ್ಟಾ ಚಿಹ್ನೆ ಹಾಕಿದವನು ನಾನೊಬ್ಬನೇ ಅಲ್ಲ ಎಂದು ಈಗ ತಿಳಿದಿದೆ. 'ಕಮ್ ಸೇ ಕಮ್' ಅಂದಿದ್ದರೆ ಯಾರೂ ತಪ್ಪುತ್ತಿರಲಿಲ್ಲ. ವಾಟ್ಸಾಪ್‌ನಲ್ಲಿ ಬಂದ ಫೋಟೋದಲ್ಲಿ ಎಲ್ಲಾ ಸಾಲುಗಳೂ ಇರುತ್ತವೆ, ಇದೊಂದು ಇರುವುದಿಲ್ಲ. ಫೋಟೋ ತೆಗೆದರೆ ಲೆಕ್ಕ ಬಿಡಿಸುವ ಆ್ಯಪ್‌ಗಳಂತೂ ನಾವು ಕಲಿಯದ ವಿಧಾನದಲ್ಲಿ ಉತ್ತರ ತಂದು ಇನ್ನಷ್ಟು ಹೆದರಿಸುತ್ತವೆ.

ಪಾಸಿಂಗ್ ಪ್ಯಾಕೇಜನ್ನು ನಾನು ಬಯ್ಯುವುದಿಲ್ಲ. ಮ್ಯಾಟ್ರಿಕ್ಸ್ ವಿಧಾನದಿಂದ ಮೂರು ಸಮೀಕರಣ ಬಿಡಿಸುವುದು, ಆರು ಅಂಕಕ್ಕೆ ನಿಶ್ಚಿತ ಅನುಕಲನದ ಗುಣಧರ್ಮ ಅಥವಾ ಲೀನಿಯರ್ ಪ್ರೋಗ್ರಾಮಿಂಗ್, ಇವನ್ನು ತಿರುಗಿ ತಿರುಗಿ ಬರೆದು ದಾಟಿದವರು ಬಹಳ ಜನ. ಆದರೆ ಇಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯು ಅಂಕ ಅರ್ಧ ಸೇರುತ್ತವೆ. ಸಿಇಟಿಯ ಅರವತ್ತು ಗಣಿತ ಪ್ರಶ್ನೆಗಳಿಗೆ ಸಿಗುವುದು 80 ನಿಮಿಷ. ಅಲ್ಲಿ ಪ್ರಶ್ನೆ ಅರ್ಥವಾಗದವನಿಗೆ ಪ್ಯಾಕೇಜು ಏನು ಮಾಡೀತು? 2025ರ ದ್ವಿತೀಯ ಪಿಯು ಪರೀಕ್ಷೆ-1ರಲ್ಲಿ ಉಡುಪಿ ಶೇ. 93.90 ಪಡೆದು ಮೊದಲಿತ್ತು, ನಮ್ಮ ಕಲ್ಯಾಣ ಕರ್ನಾಟಕದ ಯಾದಗಿರಿ ಶೇ. 48.45ರೊಂದಿಗೆ ಕೊನೆಯಲ್ಲಿತ್ತು. ಈ ಭಾಗದ ಮಕ್ಕಳಿಗೆ ತಲೆ ಕಡಿಮೆ ಎಂದು ನಾನು ನಂಬುವುದಿಲ್ಲ. ಸಿಕ್ಕಿಕೊಂಡಾಗ ಪಕ್ಕದಲ್ಲಿ ಯಾರೂ ಇರುವುದಿಲ್ಲ, ಅದನ್ನು ಮಾತ್ರ ನಾನು ನೋಡಿದ್ದೇನೆ.

ಹಾಗಾಗಿ ಗೆಳೆಯರಲ್ಲಿ ಒಂದು ಮಾತು. ಲೆಕ್ಕದ ಫೋಟೋ ಕಳಿಸುವ ಬದಲು ನೀವು ಮಾಡಿದ ತಪ್ಪು ಲೆಕ್ಕದ ಫೋಟೋ ಕಳಿಸಿ. ಎರಡು ಸಾಲಾದರೂ ಇರಲಿ. 'ಮೂರನೇ ಸಾಲು ಹೇಗೆ ಬಂತು' ಎಂದು ಕೇಳಿ. ಮೌಲ್ಯಮಾಪನದಲ್ಲೂ ಅಂಕ ಹಂತ ಹಂತಕ್ಕೇ ಬೀಳುತ್ತದೆ, ಕೊನೆಯ ಉತ್ತರಕ್ಕಷ್ಟೇ ಅಲ್ಲ. ಪರೀಕ್ಷಾ ಮಂಡಳಿಯ ವೆಬ್‌ಸೈಟಿನಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳಿವೆ. ಒಂದನ್ನು ಗಡಿಯಾರ ಇಟ್ಟುಕೊಂಡು ಬರೆದು, ಎಲ್ಲಿ ನಿಂತಿರೋ ಅಲ್ಲಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ತಂದರೆ ಹೇಳಿಕೊಡುವವರಿಗೂ ಸುಲಭ. ಹೇಳಿಕೊಡುವವರ ಸಮಯ ಹಾಳಾಗುತ್ತದೆ ಎಂದು ಕೆಲವರು ಹೇಳಬಹುದು. ಬಸ್ಸಿನ ಗೆಳೆಯ ಮರುದಿನ ಬಂದು, 'ಇಂಡಿಪೆಂಡೆಂಟ್ ಅಂದ್ರೇನಂತ ನಿಂಗ ಹೇಳೂಮುಂದ ನಂಗೂ ಗೊತ್ತಿಲ್ಲಂತ ತಿಳೀತು, ರಾತ್ರಿ ಮತ್ತ ಓದ್ದೆ' ಅಂದ.

ಕಾಲೇಜಿನ ಹಿರಿಯರಲ್ಲಿ ಇನ್ನೊಂದು ಮಾತು, ಇದು ವಿನಂತಿ. ಕ್ಲಾಸಿನಲ್ಲಿ ಕೈ ಎತ್ತಿದರೆ ಹಿಂದಿನ ಬೆಂಚು ನಗುತ್ತದೆ. 'ಇಷ್ಟೂ ಗೊತ್ತಿಲ್ವಾ' ಎಂಬ ಮಾತು ಮೇಜಿನ ಕಡೆಯಿಂದಲೂ ಒಮ್ಮೊಮ್ಮೆ ಬರುತ್ತದೆ. ಅದನ್ನು ಒಮ್ಮೆ ಕೇಳಿದವರು ವರ್ಷವಿಡೀ ಕೈ ಎತ್ತುವುದಿಲ್ಲ. ಟ್ಯೂಷನ್ ಇದೆಯಲ್ಲ ಎನ್ನಬಹುದು. ಟ್ಯೂಷನ್ ಮುಗಿಯುವುದು ಕತ್ತಲಾದ ಮೇಲೆ. ಹಳ್ಳಿಯಿಂದ ಬರುವ ಹುಡುಗಿಯರಿಗೆ ಕೊನೆಯ ಬಸ್ಸು ಅಷ್ಟು ಹೊತ್ತು ಕಾಯುವುದಿಲ್ಲ, ಎಲ್ಲರ ಮನೆಯಲ್ಲೂ ಫೀಸಿನ ದುಡ್ಡಿರುವುದಿಲ್ಲ. ಕೆಲವು ವರ್ಷ ಪರೀಕ್ಷೆ ರಂಜಾನಿನಲ್ಲೇ ಬರುತ್ತದೆ. ಇಫ್ತಾರ್, ತರಾವೀಹ್ ಎಂದು ಸಂಜೆ ಹೊತ್ತು ಹೇಗೂ ಹೋಗುತ್ತದೆ. ಅದಕ್ಕೇ ಮಧ್ಯಾಹ್ನ ಜೋಹರ್ ನಮಾಜಾದ ಮೇಲೆ ಮುಕ್ಕಾಲು ಗಂಟೆ, ವಾರಕ್ಕೆ ಮೂರು ದಿನ, ಒಂದು ಕೋಣೆ ತೆರೆದಿಡಿ. ಹೊಸ ಪಾಠ ಬೇಡ, ಇಂಪಾರ್ಟೆಂಟ್ ಪ್ರಶ್ನೆಗಳ ಪಟ್ಟಿಯೂ ಬೇಡ. ಒಬ್ಬ ಉಪನ್ಯಾಸಕರು ಕೂತಿರಲಿ, ಅವರಿಗೆ ಬಿಡುವಿಲ್ಲದ ದಿನ ಚೆನ್ನಾಗಿ ಲೆಕ್ಕ ಬಲ್ಲ ಇಬ್ಬರು ವಿದ್ಯಾರ್ಥಿಗಳಾದರೂ ಇರಲಿ. ಪ್ರಶ್ನೆಯನ್ನು ಯಾವ ಭಾಷೆಯಲ್ಲಿ ಬೇಕಾದರೂ ಕೇಳಬಹುದು ಎಂದು ಬಾಗಿಲಿಗೆ ಬರೆದು ಅಂಟಿಸಿದರೆ ಇನ್ನೂ ಒಳ್ಳೆಯದು. ಸಿಲಬಸ್ ಮುಗಿಸುವ ಒತ್ತಡ ಉಪನ್ಯಾಸಕರಿಗೆ ಎಷ್ಟಿದೆ ಎಂದು ಗೊತ್ತು. ಆದರೂ ಕೇಳುತ್ತಿದ್ದೇನೆ.

ಕೋಣೆ ತೆರೆದ ಮೊದಲ ದಿನಕ್ಕೆ ನನ್ನ ಪ್ರಶ್ನೆ ಸಿದ್ಧವಿದೆ. ಸೊನ್ನೆಯಿಂದ ಪೈ ಬೈ ಟು ವರೆಗಿನ ಅನುಕಲನದಲ್ಲಿ ಎಕ್ಸ್ ಇದ್ದ ಕಡೆ ಪೈ ಬೈ ಟು ಮೈನಸ್ ಎಕ್ಸ್ ಹಾಕುತ್ತೇವಲ್ಲ, ಹಾಕಿದರೂ ಬೆಲೆ ಯಾಕೆ ಬದಲಾಗುವುದಿಲ್ಲ? ನಾಲ್ಕು ಸಲ ಬರೆದಿದ್ದೇನೆ, ಒಂದು ಸಲವೂ ಅರ್ಥವಾಗಿಲ್ಲ.