ಗೋಸುಂಬೆಗೆ ಸೊಪ್ಪು, ನಮಗೆ ಸಮಾಧಾನ

ಪ್ರಾಣಿ ಸಾಕುವ ವಿಷಯದಲ್ಲಿ ನಾವು ಹೆಂಗಸರು ಒಂದು ಮಾತನ್ನು ಗಟ್ಟಿಯಾಗಿ ಹೇಳುವ ಕಾಲ ಬಂದಿದೆ. ಮನೆಗೆ ಪ್ರಾಣಿ ತರುವವರು ಒಬ್ಬರು, ಅದಕ್ಕೆ ಊಟ ಹಾಕುವವರು ಇನ್ನೊಬ್ಬರು. ಆಸೆ ಮಗನದು, ದುಡ್ಡು ಅಪ್ಪನದು, ಚಾಕರಿ ಮಾತ್ರ ಅಮ್ಮನದು. ಅಮ್ಮ ಕೆಲಸಕ್ಕೆ ಹೋದರೆ ಅಜ್ಜಿಯದು. ನಾಯಿ, ಬೆಕ್ಕು, ಗಾಜಿನ ತೊಟ್ಟಿಯ ಮೀನುಗಳ ತನಕ ಇದು ಹೇಗೋ ನಡೆದುಬಂತು. ಈಗ ಗೋಸುಂಬೆಯ ಸರದಿ.

ನಗಬೇಡಿ. ಅಮೆರಿಕದಲ್ಲಿರುವ ಮಗಳ ಮನೆಗೆಂದು ಹೋದ ನನ್ನ ಅಕ್ಕ, ಹೋದ ವಾರದೊಳಗೇ ನನಗೆ ಫೋನು ಮಾಡಿದಳು. "ನೀನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವಳಲ್ಲವೇನೇ? ಗೋಸುಂಬೆಗೆ ಯಾವ ಸೊಪ್ಪು ಹಾಕಬಹುದು ಹೇಳು" ಎಂದಳು. ಮೊಮ್ಮಗನ ಹುಟ್ಟುಹಬ್ಬಕ್ಕೆ ಕೊಡಿಸಿದ್ದಂತೆ. ಅಂಗಡಿಯವನು 'ಇದು ಸೊಪ್ಪನ್ನೂ ತಿನ್ನುತ್ತದೆ' ಎಂದು ಹೇಳಿ ಕೊಟ್ಟಿದ್ದಾನೆ. ಮನೆ ತಲುಪುವಷ್ಟರಲ್ಲಿ ಆ 'ನೂ' ಹ್ರಸ್ವವಾಗಿ 'ಸೊಪ್ಪನ್ನು ತಿನ್ನುತ್ತದೆ' ಎಂದಾಗಿದೆ. ಮೊಟ್ಟೆಯನ್ನೂ ಮುಟ್ಟದ ಮನೆಗೆ ಅಷ್ಟೇ ಬೇಕಾಗಿತ್ತು.

ನನ್ನ ತಕರಾರು ಇರುವುದು ಈ ಹ್ರಸ್ವದ ಮೇಲೆ.

ಅಲ್ಲಿನ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ವೇಲ್ಡ್ ಕೆಮೀಲಿಯನ್ ಎಂಬ ಜಾತಿ. ತಲೆಯ ಮೇಲೆ ಕಿರೀಟದ ಹಾಗೆ ಎದ್ದ ಜುಟ್ಟು ಇರುತ್ತದೆ. ಅದರ ತವರು ಯೆಮೆನ್ ಮತ್ತು ಸೌದಿ ಅರೇಬಿಯಾದ ನೈರುತ್ಯ ಭಾಗ. ಗೋಸುಂಬೆಗಳಲ್ಲಿ ಹೆಚ್ಚಿನವು ಹುಳುಹುಪ್ಪಟೆಯನ್ನೇ ನಂಬಿದವು. ಈ ಜಾತಿ ಮಾತ್ರ ನಡುನಡುವೆ ಎಲೆ, ಹೂವನ್ನೂ ಕಚ್ಚಿ ತಿನ್ನುತ್ತದೆ. ಹಾಗೆಂದು ಅದು ಮೇಕೆಯಲ್ಲ. ಬೇರೆ ಬೇರೆಯಾಗಿ ತಿರುಗುವ ಆ ಎರಡು ಕಣ್ಣು, ಮೈಯಷ್ಟೇ ಉದ್ದಕ್ಕೆ ಚಿಮ್ಮುವ ಆ ಅಂಟುನಾಲಿಗೆ ಇರುವುದು ದಂಟಿನ ಸೊಪ್ಪು ಮೇಯುವುದಕ್ಕೆ ಅಲ್ಲ, ಹುಳು ಹಿಡಿಯುವುದಕ್ಕೆ. ಸೊಪ್ಪು ಅದರ ಊಟದಲ್ಲಿ ಕೋಸಂಬರಿ ಇದ್ದ ಹಾಗೆ. ಎಲೆಯ ತುಂಬ ಕೋಸಂಬರಿಯನ್ನೇ ಬಡಿಸಿ 'ಊಟವಾಯಿತು, ಏಳಿ' ಎಂದರೆ ನಮ್ಮ ಬೀಗರು ಸುಮ್ಮನಿರುತ್ತಾರೆಯೇ?

ಸೊಪ್ಪಿನ ಪ್ರಶ್ನೆಯೇನೂ ಕಷ್ಟದ್ದಲ್ಲ. ದಾಸವಾಳದ ಎಲೆ, ಹೂವು ಧಾರಾಳವಾಗಿ ಕೊಡಬಹುದು. ಸಾಸಿವೆ ಸೊಪ್ಪು ಆಗುತ್ತದೆ. ಪಾಲಕ್, ಬಸಳೆ, ಹರಿವೆ ನಿತ್ಯ ಬೇಡ. ಅವುಗಳಲ್ಲಿರುವ ಆಕ್ಸಾಲಿಕ್ ಆಮ್ಲ ಸುಣ್ಣದಂಶವನ್ನು ಹಿಡಿದಿಟ್ಟುಕೊಂಡು ಮೈಗೆ ದಕ್ಕದ ಹಾಗೆ ಮಾಡುತ್ತದೆ. ಕಿಡ್ನಿಯಲ್ಲಿ ಕಲ್ಲಾದವರಿಗೆ ವೈದ್ಯರು ಪಾಲಕ್ ಕಡಿಮೆ ಮಾಡಿ ಎನ್ನುವುದೂ ಈ ಆಮ್ಲದ ದೆಸೆಯಿಂದಲೇ. ಕಣಗಿಲೆ, ಎಕ್ಕ, ದತ್ತೂರಿಗಳನ್ನು ಹತ್ತಿರ ಸುಳಿಯಗೊಡಬಾರದು. ನರ್ಸರಿಯಿಂದ ತಂದ ಗಿಡವಾದರೆ ಇನ್ನೊಂದು ಎಚ್ಚರ ಬೇಕು. ಎಲೆಯ ಮೇಲೆ ಹೊಡೆದ ಔಷಧಿಯನ್ನು ತೊಳೆಯಬಹುದು. ಬೇರಿನಿಂದ ಹೀರಿ ರಸದಲ್ಲೇ ಸೇರಿಕೊಂಡ ಕೀಟನಾಶಕವನ್ನು ಯಾವ ನೀರೂ ತೊಳೆಯದು.

ಇಷ್ಟನ್ನು ಅಕ್ಕನಿಗೆ ಐದು ನಿಮಿಷದಲ್ಲಿ ಹೇಳಿದೆ. ಅವಳು ಕಾಗದದಲ್ಲಿ ಬರೆದುಕೊಂಡು ನಿಶ್ಚಿಂತಳಾದಳು. ಆ ನಿಶ್ಚಿಂತೆ ನೋಡಿಯೇ ನನಗೆ ಚಿಂತೆ ಹತ್ತಿದ್ದು. ಯಾವ ಸೊಪ್ಪು ಎಂದು ಕೇಳಿದವಳು ಹುಳು ಎಲ್ಲಿ ಎಂದು ಕೇಳಲಿಲ್ಲ. ನಾನೇ ಬಾಯಿಬಿಟ್ಟು ಹೇಳಿದಾಗ, "ಅಯ್ಯೋ, ದೇವರ ಮನೆಯ ಪಕ್ಕದಲ್ಲಿ ಹುಳ ಸಾಕುವುದೇನೇ!" ಎಂದಳು.

ಸಾಕಲೇಬೇಕು. ಸಂಜೆಯಾದರೆ ಕಿರ್ರೆನ್ನುವ ಚಿಮ್ಮಂಡೆ ಹುಳುಗಳನ್ನು ಡಬ್ಬಿಯಲ್ಲಿಟ್ಟು, ಅವಕ್ಕೆ ಒಳ್ಳೆಯ ಸೊಪ್ಪು, ಗಜ್ಜರಿ ತಿನ್ನಿಸಿ, ಮೈಗೆ ಸುಣ್ಣದಂಶದ ಪುಡಿ ಹಚ್ಚಿ, ಆಮೇಲೆ ಗೋಸುಂಬೆಗೆ ಬಿಡಬೇಕು. ನೋಡಿ, ಸೊಪ್ಪು ಅದರ ಹೊಟ್ಟೆ ಸೇರುವ ದೊಡ್ಡ ದಾರಿ ಹುಳುವಿನ ಹೊಟ್ಟೆಯ ಮೂಲಕವೇ ಇದೆ! ಮೇಲೆ, ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಕೊಡುವ ವಿಶೇಷ ದೀಪ ಬೇಕು. ಕಿಟಕಿಯ ಗಾಜಿನಿಂದ ಬರುವ ಬಿಸಿಲಿನಲ್ಲಿ ಆ ಕಿರಣ ಉಳಿಯುವುದಿಲ್ಲ. ಕುಡಿಯಲು ಬಟ್ಟಲಲ್ಲಿ ನೀರಿಟ್ಟರೆ ಸಾಲದು. ಎಲೆಯ ಮೇಲಿನ ಹನಿಯನ್ನು ನೆಕ್ಕಿ ಕುಡಿಯುವ ಜೀವ ಅದು, ದಿನವೂ ಎಲೆಗಳಿಗೆ ನೀರು ಚಿಮುಕಿಸಬೇಕು.

ಇದನ್ನು ತಪ್ಪಿಸಿದರೆ ಸುಣ್ಣದಂಶ ಸಾಲದೆ ಎಲುಬು ಮೆತ್ತಗಾಗುತ್ತದೆ, ಕಾಲು ಬಾಗುತ್ತದೆ, ದವಡೆ ಸಡಿಲವಾಗುತ್ತದೆ, ಕೊನೆಗೆ ಕೊಂಬೆ ಹಿಡಿಯುವ ಶಕ್ತಿಯೂ ಹೋಗುತ್ತದೆ. ಹೆಣ್ಣಾದರೆ ಪಾಡು ಇನ್ನೂ ಕೆಟ್ಟದ್ದು. ಈ ಜಾತಿಯ ಹೆಣ್ಣು ಗಂಡಿನ ಸಂಗವಿಲ್ಲದೆಯೂ ಹತ್ತಾರು ಮೊಟ್ಟೆ ಕಟ್ಟುತ್ತದೆ. ಮೈಯಲ್ಲಿ ಸುಣ್ಣದಂಶವಿಲ್ಲದಿದ್ದರೆ, ತೋಡಿ ಇಡಲು ಮಣ್ಣಿಲ್ಲದಿದ್ದರೆ, ಮೊಟ್ಟೆ ಒಳಗೇ ಸಿಕ್ಕಿಕೊಂಡು ಸಾಯುವುದುಂಟು. ಬಸುರಿಯರಿಗೆ ಕ್ಯಾಲ್ಸಿಯಂ ಮಾತ್ರೆ ನುಂಗಿಸಿದ ನಮಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

'ಹುಳು ಕೊಲ್ಲುವುದು ಪಾಪವಲ್ಲವೇ' ಎನ್ನುವವರಿದ್ದಾರೆ. ನಾನೂ ಮಾಂಸ ತಿನ್ನುವವಳಲ್ಲ, ಆ ಭಾವನೆಯನ್ನು ಹಗುರವಾಗಿ ಕಾಣುವವಳೂ ಅಲ್ಲ. ಆದರೆ ಪಾಪದ ಭಯ ನಿಜವಾಗಿದ್ದರೆ ಆ ಪ್ರಾಣಿಯನ್ನು ಮನೆಗೆ ತರಬಾರದು. ತಂದಮೇಲೆ ನಮ್ಮ ವ್ರತವನ್ನು ಅದರ ಮೇಲೆ ಹೇರಿ, ದಾಸವಾಳದೆಲೆ ತೋರಿಸಿ, 'ಎಷ್ಟು ಸಾತ್ವಿಕ ನೋಡಿ ನಮ್ಮ ಗೋಸುಂಬೆ' ಎನ್ನುವುದು ದಯೆಯಲ್ಲ. ನಮ್ಮ ಸಮಾಧಾನಕ್ಕೆ ಅದು ತೆರುವ ಬೆಲೆ. ಅದು ನಾಯಿಯ ಹಾಗೆ ಕೂಗಿ ಹೇಳುವುದಿಲ್ಲ. ಬಣ್ಣ ಕಪ್ಪಾಗಿ, ಕಣ್ಣು ಒಳಸೇರಿ, ಸುಮ್ಮನೆ ಕೂರುತ್ತದೆ. ನೋಡುವವರಿಗೆ 'ಎಷ್ಟು ಸಾಧು' ಅನ್ನಿಸುತ್ತದೆ.

ಇನ್ನು ಮನೆಯ ಗಂಡಸರಿಗೂ ಮಕ್ಕಳಿಗೂ ಒಂದು ಮಾತು. ತಂದವರು ಹುಳು ಹಿಡಿಯಲಿ. ಅಕ್ಕ ಹಟ ಹಿಡಿದಮೇಲೆ ಅಲ್ಲಿ ಅಳಿಯನೇ ಹುಳುವಿನ ಡಬ್ಬಿ ತಂದ, ಮೊಮ್ಮಗ ದೀಪದ ಲೆಕ್ಕ ಬರೆದಿಡುತ್ತಿದ್ದಾನೆ. ಅಜ್ಜಿಯ ಪಾಲಿಗೆ ಬಂದದ್ದು ದಾಸವಾಳ ಮಾತ್ರ. ನ್ಯಾಯವಾದ ಹಂಚಿಕೆ ಎಂದರೆ ಇದು. ಪ್ರಾಣಿ ಸತ್ತ ದಿನ 'ನೀನೇ ಏನೋ ಹಾಕಿದೆ' ಎಂಬ ಮಾತು ಯಾರ ಮೇಲೆ ಬೀಳುತ್ತದೆ ಎಂಬುದು ನಮಗೆಲ್ಲ ಗೊತ್ತಿದ್ದದ್ದೇ. ಬೇಡವಾದಾಗ ತೋಟಕ್ಕೆ ಬಿಟ್ಟು ಕೈತೊಳೆದುಕೊಳ್ಳುವವರೂ ಇದ್ದಾರೆ. ಫ್ಲಾರಿಡಾದಲ್ಲಿ ಇದೇ ಜಾತಿ ಹಾಗೆ ಬಿಟ್ಟು ಕಾಡು ಸೇರಿದೆ. ಹವಾಯಿಯಲ್ಲಂತೂ ಸಾಕುವುದೇ ನಿಷಿದ್ಧ.

ಅಮೆರಿಕದ ಮಾತು ನಮಗೇಕೆ ಎನ್ನಬೇಡಿ. ಹೊರದೇಶದ ಹಲ್ಲಿ, ಹಾವುಗಳನ್ನು ಸಾಕುವ ಹುಚ್ಚು ನಮ್ಮ ನಗರಗಳಿಗೂ ಬಂದಿದೆ. ಈ ಯೆಮೆನ್ ಜಾತಿಯನ್ನು ಇಲ್ಲಿ ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಸರ್ಕಾರದಲ್ಲಿ ನೋಂದಾಯಿಸಲೇಬೇಕು. ನಮ್ಮದೇ ಬಯಲುಸೀಮೆಯ ಗೋಸುಂಬೆಯನ್ನಂತೂ ಹಿಡಿಯುವುದು, ಸಾಕುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದು ವಿಷದ ಪ್ರಾಣಿಯೆಂದು ಕಲ್ಲು ಹೊಡೆಯುವವರಿಗೂ ಹೇಳಿ: ಅದರಲ್ಲಿ ವಿಷವಿಲ್ಲ.

ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎಂದು ನಗುತ್ತೇವೆ. ಆ ಬೇಲಿಯೇ ಈಗ ಕಾಂಪೌಂಡ್ ಗೋಡೆಯಾಗಿದೆ. ಗೋಸುಂಬೆಯ ಮೇಲೆ ಪ್ರೀತಿಯಿದ್ದರೆ ಹಿತ್ತಲ ಮೂಲೆಯಲ್ಲಿ ನಾಲ್ಕು ಪೊದೆ ಉಳಿಸಿ, ಅದಕ್ಕೆ ಔಷಧಿ ಹೊಡೆಯಬೇಡಿ. ಹುಳುಗಳು ತಾವಾಗಿ ಬರುತ್ತವೆ. ಮಗ 'ಅಮ್ಮಾ, ಒಂದು ಗೋಸುಂಬೆ ಸಾಕೋಣ' ಎಂದರೆ ಆ ಪೊದೆಯ ಹತ್ತಿರ ಕರೆದುಕೊಂಡು ಹೋಗಿ ಹುಡುಕಿಸಿ. ಸಿಕ್ಕರೆ ನೋಡಲಿ, ಮುಟ್ಟುವುದು ಬೇಡ.