ಉಪ್ಪಿನಕಾಯಿ ಹಾಕುವ ಮುನ್ನ

ದ್ವಿತೀಯ ಪಿಯುಸಿ ಕಂಪ್ಯೂಟರ್ ಸೈನ್ಸ್‌ನ ಫೈಲ್ ಹ್ಯಾಂಡ್ಲಿಂಗ್ ಪಾಠದ ಕಡೆಯ ಭಾಗದಲ್ಲಿ ‘ಪಿಕಲ್’ ಎಂಬ ಪೈಥಾನ್ ಮಾಡ್ಯೂಲ್ ಬರುತ್ತದೆ. ಪಿಕಲ್ ಅಂದರೆ ಉಪ್ಪಿನಕಾಯಿಯೇ. ಅಷ್ಟು ಹೊತ್ತಿಗೆ ಪೀರಿಯಡ್ ಮುಗಿಯುತ್ತಾ ಬಂದಿರುತ್ತದೆ. ‘ಡಂಪ್’ ಅಂದರೆ ಫೈಲಿಗೆ ಹಾಕುವುದು, ‘ಲೋಡ್’ ಅಂದರೆ ತೆಗೆಯುವುದು ಎಂದು ನೋಟ್ಸ್ ಬರೆದುಕೊಂಡು ನಾವೆಲ್ಲ ಮುಂದಿನ ಪಾಠಕ್ಕೆ ಹಾರಿಬಿಡುತ್ತೇವೆ. ಇಡೀ ಪಾಠದಲ್ಲಿ ನಿಧಾನಿಸಬೇಕಾದ ಜಾಗ ಒಂದಿದ್ದರೆ ಅದು ಇದೇ ಎಂಬುದು ನನ್ನ ಅಭಿಪ್ರಾಯ. ಈ ವರ್ಷ ನಮ್ಮ ಬುಕ್ ಬ್ಯಾಂಕ್ ಪಟ್ಟಿಗೆ ಆದದ್ದನ್ನು ನೋಡಿದ ಮೇಲೆ ಇದನ್ನು ಬರೆಯಲೇಬೇಕು ಅನ್ನಿಸಿತು.

ಕಾಮರ್ಸ್ ಮತ್ತು ಆರ್ಟ್ಸ್ ಗೆಳೆಯ ಗೆಳತಿಯರು ಪುಟ ತಿರುಗಿಸಬೇಡಿ, ವಿಷಯ ಕಷ್ಟದ್ದಲ್ಲ. ಆರ್.ಟಿ. ನಗರದಿಂದ ಯಲಹಂಕಕ್ಕೆ ಮನೆ ಬದಲಿಸುವವರು ಮಂಚವನ್ನು ಹಾಗೇ ಹೊತ್ತುಕೊಂಡು ಹೋಗಲಾಗುವುದಿಲ್ಲ. ಮೆಟ್ಟಿಲು ಕಿರಿದು. ಬಿಚ್ಚಿ, ಒಂದೊಂದೇ ಹಲಗೆಯನ್ನು ಸಾಲಾಗಿ ಇಳಿಸಿ, ಅಲ್ಲಿ ಮತ್ತೆ ಜೋಡಿಸಬೇಕು. ಪ್ರೋಗ್ರಾಂ ಓಡುವಾಗ ಕಂಪ್ಯೂಟರಿನ ಮೆಮೊರಿಯಲ್ಲಿ ಇರುವ ‘ಆಬ್ಜೆಕ್ಟ್’ ಕೂಡ ಅಂಥದೇ ಮಂಚ. ಒಬ್ಬ ವಿದ್ಯಾರ್ಥಿ ಎಂಬ ಆಬ್ಜೆಕ್ಟ್ ಇದ್ದರೆ ಅದರ ಹೆಸರು ಒಂದು ಕಡೆ, ಸೆಕ್ಷನ್ ಇನ್ನೊಂದು ಕಡೆ, ಪಡೆದ ಪುಸ್ತಕಗಳು ಮತ್ತೊಂದು ಕಡೆ ಇರುತ್ತವೆ. ಒಂದರಿಂದ ಇನ್ನೊಂದಕ್ಕೆ ಕೈತೋರುವ ಗುರುತುಗಳಿರುತ್ತವೆ. ಕರೆಂಟ್ ಹೋದರೆ ಎಲ್ಲವೂ ಹೋಯಿತು. ಆದ್ದರಿಂದ ಅದನ್ನು ಬಿಚ್ಚಿ, ಒಂದರ ಹಿಂದೆ ಒಂದರಂತೆ ಬೈಟ್‌ಗಳ ಸಾಲು ಮಾಡಿ ಫೈಲಿನಲ್ಲಿ ಇಡುತ್ತೇವೆ. ಇದೇ ಸೀರಿಯಲೈಸೇಶನ್. ಪೈಥಾನ್‌ನಲ್ಲಿ ಆ ಕೆಲಸವನ್ನು ಪಿಕಲ್ ಎರಡೇ ಸಾಲಿನಲ್ಲಿ ಮುಗಿಸಿಕೊಡುತ್ತದೆ. ಅದಕ್ಕೇ ಎಲ್ಲರಿಗೂ ಇಷ್ಟ.

ಈಗ ಬುಕ್ ಬ್ಯಾಂಕ್ ವಿಷಯಕ್ಕೆ ಬರುತ್ತೇನೆ. ಪರೀಕ್ಷೆ ಮುಗಿಸಿದ ಸೀನಿಯರ್‌ಗಳು ತಮ್ಮ ಪಠ್ಯಪುಸ್ತಕಗಳನ್ನು ಬಿಟ್ಟುಹೋಗುತ್ತಾರೆ, ಕೊಳ್ಳಲು ಕಷ್ಟವಿರುವವರು ವರ್ಷದ ಮಟ್ಟಿಗೆ ಅವನ್ನು ಪಡೆಯುತ್ತಾರೆ. ಮೊದಲೆಲ್ಲ ಇದಕ್ಕೊಂದು ಉದ್ದನೆಯ ರಿಜಿಸ್ಟರ್ ಇತ್ತು. ಹೋದ ವರ್ಷದ ಬ್ಯಾಚಿನವರು ಅದನ್ನು ಪ್ರಾಜೆಕ್ಟ್ ಆಗಿ ತೆಗೆದುಕೊಂಡು ಕಂಪ್ಯೂಟರಿಗೆ ಏರಿಸಿದರು. ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಆದರೆ ಜೂನ್‌ನಲ್ಲಿ ನೋಡಿದರೆ ಲ್ಯಾಬ್ ಕಂಪ್ಯೂಟರಿನಲ್ಲಿ ಇದ್ದದ್ದು ಪಿಕಲ್ ಮಾಡಿಟ್ಟ ಒಂದು ಡ್ಯಾಟ್ ಫೈಲ್ ಮಾತ್ರ. ಪ್ರೋಗ್ರಾಂ ಅದನ್ನು ಬರೆದ ಆಪಾ ಅವರ ಲ್ಯಾಪ್‌ಟಾಪಿನಲ್ಲಿತ್ತು. ಆ ಲ್ಯಾಪ್‌ಟಾಪ್ ಕೆಟ್ಟು, ಫಾರ್ಮ್ಯಾಟ್ ಆಗಿಹೋಗಿತ್ತು. ಪುಸ್ತಕಗಳು ಕಪಾಟಿನಲ್ಲಿದ್ದವು, ಯಾರ ಹತ್ತಿರ ಇನ್ನೂ ಯಾವುದು ಬರಬೇಕು ಎಂಬ ಲೆಕ್ಕ ಮಾತ್ರ ಇರಲಿಲ್ಲ. ಎರಡು ವಾರ ಹಂಚಿಕೆ ನಿಂತಿತು. ಆ ಎರಡು ವಾರ ಪುಸ್ತಕವಿಲ್ಲದೆ ಫಿಸಿಕ್ಸ್ ಕ್ಲಾಸಿನಲ್ಲಿ ಕೂತವರು ಯಾರು ಎಂಬುದು ನಿಮಗೂ ಗೊತ್ತು.

ಫೈಲ್ ಏಕೆ ತೆರೆಯಲಿಲ್ಲ? ಪಿಕಲ್ ಒಂದು ಆಬ್ಜೆಕ್ಟನ್ನು ಉಳಿಸುವಾಗ ಅದರೊಳಗಿನ ಮಾಹಿತಿಯನ್ನು ಬರೆಯುತ್ತದೆ, ಆದರೆ ಆ ಆಬ್ಜೆಕ್ಟ್ ಯಾವ ‘ಕ್ಲಾಸ್’ಗೆ ಸೇರಿದ್ದೋ ಅದರ ಹೆಸರನ್ನಷ್ಟೇ ಬರೆಯುತ್ತದೆ, ಕೋಡನ್ನು ಬರೆಯುವುದಿಲ್ಲ. ಓದುವಾಗ ಆ ಹೆಸರಿನ ಕ್ಲಾಸ್ ಸಿಗದಿದ್ದರೆ ಕೈಚೆಲ್ಲುತ್ತದೆ. ಹೆಸರು ಬದಲಾಯಿಸಿದರೂ ಅಷ್ಟೇ ಕಥೆ. ಕಡೆಗೆ ಸರ್ ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರು. ಅರ್ಥವಾಗದ ಚಿಹ್ನೆಗಳ ಮಧ್ಯೆ ಎರಡು ಕ್ಲಾಸ್‌ಗಳ ಹೆಸರು ಓದಲು ಸಿಕ್ಕಿತು. ಅದೇ ಹೆಸರಿನ ಎರಡು ಖಾಲಿ ಕ್ಲಾಸ್ ಬರೆದರು, ಒಳಗೆ ‘ಪಾಸ್’ ಎಂಬ ಒಂದು ಪದ ಬಿಟ್ಟು ಇನ್ನೇನೂ ಇಲ್ಲ (ನಾವೆಲ್ಲ ರಿಸಲ್ಟ್ ದಿನ ಹುಡುಕುವ ಅದೇ ಪದ). ಲೋಡ್ ಕೊಟ್ಟರು. ಪಟ್ಟಿ ಇಡಿಯಾಗಿ ಎದ್ದು ಬಂತು. ಕ್ಲಾಸ್ ಖಾಲಿಯಿದ್ದರೂ ಹೆಸರು ಹೊಂದಿದರೆ ಸಾಕು, ಉಳಿಸಿದ ಮಾಹಿತಿಯನ್ನು ಪಿಕಲ್ ಅದರೊಳಗೆ ತುಂಬುತ್ತದೆ. ಈ ಉಪಾಯ ಎಲ್ಲ ಸಲ ನಡೆಯುವುದಿಲ್ಲ, ಈ ಸಲ ನಡೆಯಿತು.

ಇದರಲ್ಲಿ ಆಪಾ ಅವರದೇನೂ ತಪ್ಪಿಲ್ಲ. ಪಾಠ ಹೇಳಿಕೊಟ್ಟಂತೆಯೇ ಅವರು ಮಾಡಿದ್ದಾರೆ. ಆದರೆ ‘ಎಫಿಶಿಯೆಂಟ್’ ಎಂಬ ಪದವನ್ನು ನಾವು ಬಳಸುವ ರೀತಿಯ ಬಗ್ಗೆ ನನ್ನ ತಕರಾರಿದೆ. ಕಡಿಮೆ ಸಾಲಿನ ಕೋಡ್ ಇದ್ದರೆ ಎಫಿಶಿಯೆಂಟ್ ಅನ್ನುತ್ತೇವೆ. ಯಾರ ಸಮಯ ಉಳಿಯಿತು? ಬರೆದವರ ಸಮಯ ಉಳಿಯಿತು, ಓದುವವರ ಎರಡು ವಾರ ಹೋಯಿತು.

ಹಾಗೆ ನೋಡಿದರೆ ಬೈಟ್‌ಗಳ ಲೆಕ್ಕದಲ್ಲೂ ನಾವು ಮಾಡುವುದು ಉಳಿತಾಯವಲ್ಲ. ನಮ್ಮ ಲ್ಯಾಬ್ ಪ್ರೋಗ್ರಾಂಗಳಲ್ಲಿ ಲೂಪ್ ಹಾಕಿ ಒಂದೊಂದು ರೆಕಾರ್ಡನ್ನೂ ಬೇರೆ ಬೇರೆಯಾಗಿ ಡಂಪ್ ಮಾಡುತ್ತೇವೆ. 60 ವಿದ್ಯಾರ್ಥಿಗಳಿದ್ದಾರೆ, ಎಲ್ಲರೂ ಒಂದೇ ಸೆಕ್ಷನ್ ಆಬ್ಜೆಕ್ಟಿನ ಕಡೆ ಕೈತೋರುತ್ತಿದ್ದಾರೆ ಎಂದುಕೊಳ್ಳಿ. 60 ಜನರ ಲಿಸ್ಟನ್ನು ಒಂದೇ ಸಲ ಡಂಪ್ ಮಾಡಿದರೆ ಪಿಕಲ್ ಜಾಣತನ ತೋರಿಸುತ್ತದೆ. ಸೆಕ್ಷನ್ ಅನ್ನು ಒಮ್ಮೆ ಬರೆದು, ಉಳಿದ 59 ಕಡೆ ‘ಮೇಲೆ ಬರೆದದ್ದೇ’ ಎಂಬ ಚಿಕ್ಕ ಗುರುತು ಹಾಕುತ್ತದೆ. ವಿದ್ಯಾರ್ಥಿಯಿಂದ ಪುಸ್ತಕಕ್ಕೆ, ಪುಸ್ತಕದಿಂದ ಮತ್ತೆ ಅದೇ ವಿದ್ಯಾರ್ಥಿಗೆ ಸುತ್ತಿಬರುವ ಸಂಬಂಧವನ್ನೂ ಇದೇ ಗುರುತಿನಿಂದ ನಿಭಾಯಿಸುತ್ತದೆ. ಆದರೆ ಲೂಪಿನೊಳಗೆ 60 ಸಲ ಡಂಪ್ ಕರೆದರೆ ಪ್ರತಿ ಸಲವೂ ಹಿಂದಿನದನ್ನು ಮರೆತು ಹೊಸದಾಗಿ ಶುರುಮಾಡುತ್ತದೆ. ಸೆಕ್ಷನ್ 60 ಸಲ ಫೈಲಿಗೆ ಹೋಗುತ್ತದೆ. ಜಾಗ ಹಾಳಾದದ್ದು ಸಣ್ಣ ವಿಷಯ. ಮತ್ತೆ ಲೋಡ್ ಮಾಡಿದಾಗ 60 ಬೇರೆ ಬೇರೆ ಸೆಕ್ಷನ್‌ಗಳು ಹುಟ್ಟಿಕೊಳ್ಳುತ್ತವೆ. ಒಂದರಲ್ಲಿ ಕ್ಲಾಸ್ ಟೀಚರ್ ಹೆಸರು ಬದಲಿಸಿದರೆ ಉಳಿದ 59ರಲ್ಲಿ ಹಳೆಯವರೇ ಇರುತ್ತಾರೆ. ಉಳಿಸುವ ಮೊದಲು ಒಂದಾಗಿದ್ದದ್ದು ಉಳಿಸಿದ ಮೇಲೆ ಅರವತ್ತಾಯಿತು, ಯಾವ ಎರರ್ ಕೂಡ ಬರಲಿಲ್ಲ.

ಜೆಸಾನ್ ಬಳಸೋಣ ಎನ್ನುವವರಿದ್ದಾರೆ. ನಾನೂ ಆ ಪಕ್ಷದವನೇ, ಆದರೆ ಅದಕ್ಕೂ ತಲೆ ಖರ್ಚು ಮಾಡಬೇಕು. ನಾವು ಮಾಡಿದ ಕ್ಲಾಸಿನ ಆಬ್ಜೆಕ್ಟನ್ನು ಜೆಸಾನ್ ತಾನಾಗಿ ತೆಗೆದುಕೊಳ್ಳುವುದಿಲ್ಲ, ಸುತ್ತಿಬರುವ ಸಂಬಂಧ ಕಂಡರೆ ಎರರ್ ಕೊಡುತ್ತದೆ. ಅಲ್ಲಿ ವಿದ್ಯಾರ್ಥಿಯೊಳಗೆ ಪುಸ್ತಕವನ್ನೇ ತುಂಬುವ ಬದಲು ಪುಸ್ತಕದ ನಂಬರನ್ನು ಮಾತ್ರ ಬರೆಯಬೇಕು. ಹಳೆಯ ರಿಜಿಸ್ಟರಿನಲ್ಲಿ ಲೈಬ್ರರಿಯನ್ ಮೇಡಂ ಮಾಡುತ್ತಿದ್ದದ್ದೂ ಅದೇ ಅಲ್ಲವೇ?

ನಮ್ಮ ಭಾಷೆಗಳ ವಿಷಯದಲ್ಲಿ ಇನ್ನೊಂದು ತಮಾಷೆಯಿದೆ. ‘ಕನ್ನಡ’ ಎಂಬ ಪದ ಯೂನಿಕೋಡ್ ಲೆಕ್ಕದಲ್ಲಿ 5 ಸಂಕೇತ, ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 15. ‘ಉರ್ದು’ವನ್ನು ಉರ್ದು ಲಿಪಿಯಲ್ಲಿ ಬರೆದರೆ 4 ಅಕ್ಷರ, ಒಂದೊಂದಕ್ಕೆ 2ರಂತೆ 8 ಬೈಟ್. ಪೈಥಾನ್‌ನ ಜೆಸಾನ್ ಮಾಡ್ಯೂಲನ್ನು ಹಾಗೇ ಬಳಸಿದರೆ ಇಂಗ್ಲಿಷ್ ಅಲ್ಲದ ಪ್ರತಿ ಸಂಕೇತವನ್ನೂ 6 ಬೈಟ್‌ಗಳ ಕೋಡ್ ಮಾಡಿ ಬರೆಯುತ್ತದೆ. ಆಗ ಕನ್ನಡ 30, ಉರ್ದು 24, ಮೇಲಾಗಿ ಕಣ್ಣಿಗೆ ಎರಡೂ ಓದಲು ಬರುವುದಿಲ್ಲ. ‘ಎನ್‌ಶೂರ್ ಆಸ್ಕಿ’ ಎಂಬ ಆಯ್ಕೆಯನ್ನು ‘ಫಾಲ್ಸ್’ ಮಾಡಿ, ಫೈಲ್ ತೆರೆಯುವಾಗ ಯುಟಿಎಫ್-8 ಎಂದು ತಿಳಿಸಿದರೆ ಸರಿಹೋಗುತ್ತದೆ. ಕನ್ನಡ, ಉರ್ದು, ಹಿಂದಿ ಪುಸ್ತಕಗಳಿರುವ ನಮ್ಮ ಬುಕ್ ಬ್ಯಾಂಕಿಗೆ ಇದು ಸಣ್ಣ ವಿಷಯವೇನಲ್ಲ.

ಪೈಥಾನ್ ಬರುವ ಮೊದಲು ಪಿಯುಸಿಯಲ್ಲಿ ಸಿ ಪ್ಲಸ್ ಪ್ಲಸ್ ಇತ್ತು. ನನ್ನ ಅಣ್ಣನ ಲ್ಯಾಬ್ ರೆಕಾರ್ಡ್ ಮನೆಯಲ್ಲಿದೆ. ಅದರಲ್ಲಿ ಹೆಸರಿಗೆ 20 ಅಕ್ಷರಗಳ ಜಾಗ, ಕಡೆಯ ಒಂದು ಮುಕ್ತಾಯದ ಗುರುತಿಗೆ, ಅಂದರೆ ಸಿಗುವುದು 19. ಇಡೀ ಆಬ್ಜೆಕ್ಟನ್ನು ಮೆಮೊರಿಯಲ್ಲಿ ಇದ್ದ ಹಾಗೇ ಫೈಲಿಗೆ ಸುರಿಯುವುದು. ಬಲು ವೇಗ, ಎಲ್ಲ ರೆಕಾರ್ಡೂ ಒಂದೇ ಅಳತೆಯಾದ್ದರಿಂದ ನೂರನೆಯದು ಬೇಕಿದ್ದರೆ ಗುಣಿಸಿ ನೇರ ಅಲ್ಲಿಗೇ ಹೋಗಬಹುದು. ಈ ಗುಣ ಪಿಕಲ್‌ಗಿಲ್ಲ. ಆದರೆ ‘ಸೈಯದ್ ಮೊಹಮ್ಮದ್ ಇಬ್ರಾಹಿಂ’ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಖಾಲಿ ಜಾಗ ಸೇರಿ 21 ಅಕ್ಷರ. 19ಕ್ಕೆ ಕತ್ತರಿಸಿದರೆ ಇಬ್ರಾಹಿಂ ‘ಇಬ್ರಾ’ ಆಗುತ್ತಾನೆ. ‘ಅಸ್ಮಾ’ಗೂ ಅದೇ 20 ಬೈಟ್, ಅದರಲ್ಲಿ ಮುಕ್ಕಾಲು ಖಾಲಿ. ಉದ್ದ ಹೆಸರನ್ನು ಮೊಟಕು ಮಾಡಿ, ಮೊಹಮ್ಮದ್ ಅನ್ನು ‘ಮೊಹಮ್ಮದ್’ ಎಂದು ಒಂದು ಕಡೆ, ‘ಎಂಡಿ’ ಎಂದು ಇನ್ನೊಂದು ಕಡೆ ಬರೆದು, ಆಮೇಲೆ ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಎರಡೂ ತಾಳೆಯಾಗದೆ ಅಲೆಯುವ ಕಷ್ಟ ನಮ್ಮಲ್ಲಿ ಎಷ್ಟು ಮನೆಗಳಿಗೆ ಗೊತ್ತಿಲ್ಲ? ನಾಲ್ಕು ಬೈಟ್ ಉಳಿಸಿದ ಬೆಲೆ ಅದು.

ಹಾಗಾದರೆ ಜಾಗ ನಿಜಕ್ಕೂ ಕಡಿಮೆ ಇದ್ದರೆ ಏನು ಮಾಡಬೇಕು? ಇದಕ್ಕೆ ಉತ್ತರ ನಿಮ್ಮ ಬ್ಯಾಗಿನಲ್ಲೇ ಇದೆ. ಆಧಾರ್ ಕಾರ್ಡಿನ ಕ್ಯೂಆರ್ ಕೋಡ್ ನೋಡಿ. ಆಧಾರ್ ಪ್ರಾಧಿಕಾರದ ಟೆಕ್ನಾಲಜಿ ಸೆಂಟರ್ ಇರುವುದು ನಮ್ಮ ಕಡೆಯೇ, ಹೆಬ್ಬಾಳ ದಾಟಿ ಯಲಹಂಕಕ್ಕೆ ಹೋಗುವ ದಾರಿಗೆ ಹತ್ತಿರದ ಕೊಡಿಗೆಹಳ್ಳಿಯಲ್ಲಿ. ಹಳೆಯ ಕಾರ್ಡುಗಳ ಕ್ಯೂಆರ್‌ನಲ್ಲಿ ಎಕ್ಸ್‌ಎಂಎಲ್ ಇತ್ತು, ಅಂದರೆ ಪ್ರತಿ ಮಾಹಿತಿಯ ಪಕ್ಕದಲ್ಲೂ ಅದರ ಹೆಸರುಚೀಟಿ. 2018ರಲ್ಲಿ ಬಂದ ಸುರಕ್ಷಿತ ಕ್ಯೂಆರ್‌ನಲ್ಲಿ ಚೀಟಿಗಳನ್ನು ಕಿತ್ತುಹಾಕಿದರು. ಹೆಸರು, ಹುಟ್ಟಿದ ದಿನ, ಲಿಂಗ, ವಿಳಾಸದ ಭಾಗಗಳು ಗೊತ್ತುಮಾಡಿದ ಕ್ರಮದಲ್ಲಿ ಬರುತ್ತವೆ, ಒಂದಕ್ಕೂ ಇನ್ನೊಂದಕ್ಕೂ ಮಧ್ಯೆ 255 ಎಂಬ ಒಂದೇ ಬೈಟಿನ ಗೋಡೆ. ಆಮೇಲೆ ಚಿಕ್ಕ ಫೋಟೋ. ಕಟ್ಟಕಡೆಯ 256 ಬೈಟ್ ಡಿಜಿಟಲ್ ಸಹಿ, ಯಾರಾದರೂ ಒಂದಕ್ಷರ ತಿದ್ದಿದರೂ ಸಹಿ ತಾಳೆಯಾಗುವುದಿಲ್ಲ. ಇಷ್ಟನ್ನೂ ಒತ್ತಿ ಕುಗ್ಗಿಸಿ ಒಂದು ಭಾರೀ ಸಂಖ್ಯೆಯಾಗಿ ಬರೆಯುತ್ತಾರೆ, ಏಕೆಂದರೆ ಕ್ಯೂಆರ್‌ನಲ್ಲಿ ಬರೀ ಅಂಕಿಗಳಿದ್ದರೆ 3 ಅಂಕಿಗೆ 10 ಬಿಟ್ ಸಾಕು. ಅಂಗೈಯಷ್ಟೂ ಇಲ್ಲದ ಚೌಕದಲ್ಲಿ ಫೋಟೋ ಸಮೇತ ಮನುಷ್ಯನ ವಿವರ ಹಿಡಿಸಿದ್ದಾರೆ.

ನನಗೆ ಅದರಲ್ಲಿ ಮೆಚ್ಚಿಗೆಯಾದದ್ದು ಕುಗ್ಗಿಸಿದ್ದಕ್ಕಿಂತ ಹೆಚ್ಚಾಗಿ, ಆ ಕ್ರಮವನ್ನು ಬರೆದು ಪ್ರಕಟಿಸಿದ್ದು. ಯಾವುದರ ನಂತರ ಯಾವುದು, ಗೋಡೆ ಯಾವುದು, ಸಹಿ ಎಲ್ಲಿ ಎಂಬುದು ಕಾಗದದಲ್ಲಿದೆ. ಆದ್ದರಿಂದ ಪೈಥಾನ್ ಆಗಲಿ ಜಾವಾ ಆಗಲಿ, ಯಾವ ಭಾಷೆಯಲ್ಲಾದರೂ ಓದುವ ಪ್ರೋಗ್ರಾಂ ಬರೆಯಬಹುದು. ಬರೆದ ಪ್ರೋಗ್ರಾಂ ಕಳೆದುಹೋದರೂ ಕಾರ್ಡು ಕಳೆದುಹೋಗುವುದಿಲ್ಲ. ನಮ್ಮ ಡ್ಯಾಟ್ ಫೈಲಿಗೆ ಇಲ್ಲದೇ ಹೋದದ್ದು ಆ ಒಂದು ಹಾಳೆ.

ಸಹಿಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಪಿಕಲ್ ಫೈಲನ್ನು ಲೋಡ್ ಮಾಡುವುದು ಬರೀ ಓದುವುದಲ್ಲ. ಆ ಫೈಲಿನೊಳಗೆ ಕಂಪ್ಯೂಟರಿಗೆ ಆಜ್ಞೆ ಅಡಗಿಸಿಡಬಹುದು, ಲೋಡ್ ಆಗುತ್ತಿದ್ದಂತೆ ಅದು ನಡೆದುಹೋಗುತ್ತದೆ. ನಂಬಿಕೆಯಿಲ್ಲದ ಕಡೆಯಿಂದ ಬಂದ ಪಿಕಲ್ ತೆರೆಯಬೇಡಿ ಎಂದು ಪೈಥಾನ್‌ನ ಅಧಿಕೃತ ಕೈಪಿಡಿಯೇ ಎಚ್ಚರಿಸುತ್ತದೆ. ನಾವೋ, ಪ್ರಾಕ್ಟಿಕಲ್ ಹಿಂದಿನ ದಿನ ಒಂದೇ ಪೆನ್‌ಡ್ರೈವನ್ನು ಇಡೀ ಬ್ಯಾಚಿಗೆ ಸುತ್ತಿಸುತ್ತೇವೆ. ಮನೆಯ ಜಾಡಿಯ ಉಪ್ಪಿನಕಾಯಿಯಾದರೆ ಮೂಸಿ ನೋಡಿ ಕೆಟ್ಟಿದೆಯೋ ಇಲ್ಲವೋ ಹೇಳಬಹುದು, ಈ ಉಪ್ಪಿನಕಾಯಿಯನ್ನು ಬಾಯಿಗಿಟ್ಟ ಮೇಲೇ ಗೊತ್ತಾಗುವುದು.

“ಯಾರ್, ಪರೀಕ್ಷೆಯಲ್ಲಿ ಡಂಪ್, ಲೋಡ್ ಕೇಳುತ್ತಾರೆ, ನಿನ್ನ ಭಾಷಣ ಕೇಳುವುದಿಲ್ಲ” ಎಂದು ನನ್ನ ಬೆಂಚಿನ ಗೆಳೆಯ ಹೇಳುತ್ತಾನೆ. ಅವನ ಮಾತು ನಿಜ. ಪಿಕಲ್ ಕಲಿಯುವುದು ಬೇಡ ಎಂದು ನಾನೂ ಹೇಳುತ್ತಿಲ್ಲ. ಇವತ್ತು ಅರ್ಧಕ್ಕೆ ನಿಲ್ಲಿಸಿದ ಕೆಲಸವನ್ನು ನಾಳೆ ಅದೇ ಕಂಪ್ಯೂಟರಿನಲ್ಲಿ, ಅದೇ ಪ್ರೋಗ್ರಾಂನಲ್ಲಿ ಮುಂದುವರಿಸಲು ಅದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ಮುಂದಿನ ವರ್ಷದವರು ಓದಬೇಕಾದ್ದನ್ನು ಅದರಲ್ಲಿ ಇಡಬಾರದು, ಅಷ್ಟೇ.

ಆದ್ದರಿಂದ ಕಂಪ್ಯೂಟರ್ ವಿಭಾಗದ ಸರ್ ಮತ್ತು ಮೇಡಂ ಅವರಲ್ಲಿ ನನ್ನದೊಂದು ವಿನಂತಿ. ಪಿಕಲ್ ಪಾಠಕ್ಕೆ ಒಂದು ಪೀರಿಯಡ್ ಹೆಚ್ಚು ಕೊಡಿ. ಆ ಪೀರಿಯಡ್‌ನಲ್ಲಿ ಮಾಡ್ಯೂಲ್ ಮುಟ್ಟದೆ, ಬುಕ್ ಬ್ಯಾಂಕಿನ ಒಬ್ಬ ವಿದ್ಯಾರ್ಥಿಯ ಆಬ್ಜೆಕ್ಟನ್ನು ನಾವೇ ಕೈಯಾರೆ ಸಾಲಿಗೆ ಇಳಿಸೋಣ. ಏನನ್ನು ಉಳಿಸಬೇಕು, ಏನನ್ನು ಬಿಡಬೇಕು? ಎಷ್ಟು ಪುಸ್ತಕ ಬಾಕಿ ಎಂಬುದನ್ನು ಎಣಿಸಿದರೆ ಸಿಗುತ್ತದೆ, ಬರೆಯುವ ಅಗತ್ಯವಿಲ್ಲ. ಫೋಟೋ ಬೇರೆ ಫೈಲಿನಲ್ಲಿರಲಿ, ಇಲ್ಲಿ ಅದರ ಹೆಸರು ಸಾಕು. ಅಪ್ಪನ ಮೊಬೈಲ್ ನಂಬರ್ ನಮಗೆ ಬೇಕೇ ಬೇಕೇ? ಜಾವಾದಲ್ಲಿ ಇಂಥದ್ದನ್ನು ಬಿಟ್ಟುಬಿಡು ಎಂದು ಹೇಳಲು ‘ಟ್ರಾನ್ಸಿಯೆಂಟ್’ ಎಂಬ ಒಂದು ಪದವೇ ಇದೆ, ಪೈಥಾನ್‌ನಲ್ಲೂ ದಾರಿಯಿದೆ. ಫೈಲಿನ ಮೊದಲ ಸಾಲಿನಲ್ಲಿ ‘ಮಾದರಿ 1’ ಎಂದು ಬರೆಯೋಣ, ಮುಂದೆ ಯಾರಾದರೂ ಒಂದು ಕಾಲಂ ಸೇರಿಸಿದರೆ ‘ಮಾದರಿ 2’ ಎಂದು ತಿದ್ದಲಿ.

ಸದ್ಯಕ್ಕೆ ಬುಕ್ ಬ್ಯಾಂಕ್ ಪಟ್ಟಿಯನ್ನು ನಾವು ನಾಲ್ಕು ಜನ ಸೇರಿ ಮೂರು ಪಟ್ಟಿಗಳಾಗಿ ಬಿಡಿಸಿದ್ದೇವೆ: ವಿದ್ಯಾರ್ಥಿ, ಪುಸ್ತಕ, ಕೊಟ್ಟದ್ದು-ಬಂದದ್ದು. ಮೂರೂ ಸಿಎಸ್‌ವಿ ಫೈಲ್, ಎಕ್ಸೆಲ್‌ನಲ್ಲೂ ತೆರೆಯುತ್ತವೆ, ನೋಟ್‌ಪ್ಯಾಡ್‌ನಲ್ಲೂ ತೆರೆಯುತ್ತವೆ. ಎಸ್‌ಕ್ಯೂಎಲ್ ಪಾಠ ಮುಗಿದ ಮೇಲೆ ಡೇಟಾಬೇಸಿಗೆ ಹಾಕುವ ಯೋಚನೆಯಿದೆ. ಯಾವ ಕಾಲಂ ಏನು ಎಂಬುದನ್ನು ಒಂದು ಹಾಳೆಯಲ್ಲಿ ಪ್ರಿಂಟ್ ಮಾಡಿ ಬುಕ್ ಬ್ಯಾಂಕ್ ಕಪಾಟಿನ ಬಾಗಿಲ ಒಳಗಡೆ ಅಂಟಿಸಿದ್ದೇವೆ. ಹೋದ ವರ್ಷದ ಲೆಕ್ಕದಲ್ಲಿ ಇನ್ನೂ ಕೆಲವು ಪುಸ್ತಕ ವಾಪಸ್ ಬಂದಿಲ್ಲ. ನಿಮ್ಮ ಮನೆಯಲ್ಲಿ ಅಕ್ಕನದೋ ಅಣ್ಣನದೋ ಹೆಸರಲ್ಲಿ ಪಡೆದದ್ದು ಉಳಿದಿದ್ದರೆ ಲೈಬ್ರರಿಯನ್ ಮೇಡಂ ಅವರ ಹತ್ತಿರ ತಂದುಕೊಡಿ, ಪುಸ್ತಕದ ನಂಬರ್ ಹಿಂದಿನ ಪುಟದಲ್ಲಿದೆ.